145 ಎಚ್‌ಪಿ, ನಾಲ್ಕು ತಾಲ್ಲೂಕು

ಎಚ್‌ಪಿ ಎಂದರೇನೆಂದು ನಮ್ಮ ಚನ್ನಗಿರಿ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಬೋರ್‌ವೆಲ್ ಮೋಟರಿಗೆ ಏಳೂವರೆಯೋ ಹತ್ತೋ, ಟ್ರ್ಯಾಕ್ಟರಿಗೆ ನಲವತ್ತೈದೋ ಐವತ್ತೋ ಎಂದು ಶಾಲೆಗೆ ಹೋಗುವ ಹುಡುಗನೂ ಹೇಳುತ್ತಾನೆ. ನಾನು ತಂದ ಹಳೇ ಅಬಾರ್ತ್ ಪುಂಟೊ ಕಾರಿಗೆ 145 ಎಚ್‌ಪಿ ಎಂದಾಗ ಅಡಿಕೆ ಮೂಟೆ ಇಳಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದ್ದು ಅದಕ್ಕೇ. ದೊಡ್ಡಪ್ಪ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಮೇಲೆ ಕೈಯೂರಿ, "ಮೂರು ಟ್ರ್ಯಾಕ್ಟರ್ ಶಕ್ತಿ ಅನ್ನು. ರೋಟವೇಟರ್ ಎಳಿತತೇನೋ?" ಎಂದರು. ಇಲ್ಲ ಎಂದೆ. "ಮತ್ತೆ ಅಷ್ಟು ಎಚ್‌ಪಿ ಇಟ್ಕಂಡು ಏನ್ ಮಾಡ್ತತಿ?" ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈಗ ನನ್ನ ಮುಖ್ಯ ಕಸುಬು. ಅಡಿಕೆ ತೋಟ ಉಪಕಸುಬು.

ಇಟಲಿ ಕಾರಿನ ಹುಚ್ಚು ಹತ್ತಿಸಿದವರು ಸಚಿನ್ ತೆಂಡೂಲ್ಕರ್. ಬ್ರಾಡ್ಮನ್ನರ 29 ಶತಕಗಳನ್ನು ಸರಿಗಟ್ಟಿದ್ದಕ್ಕೆ 2002ರಲ್ಲಿ ಫಿಯಟ್ ಕಂಪನಿ ಅವರಿಗೊಂದು ಫೆರಾರಿ 360 ಮೊಡೆನಾ ಕೊಟ್ಟಿತು. ಹಸ್ತಾಂತರಿಸಿದವರು ಮೈಕಲ್ ಶೂಮಾಕರ್. ಆಮೇಲೆ ಶುರುವಾಯಿತು ನೋಡಿ ಆಮದು ಸುಂಕದ ರಗಳೆ. ಸುಂಕವೇ ಒಂದು ಕೋಟಿ ದಾಟಿತ್ತು. ಸರ್ಕಾರ ಮಾಫಿ ಮಾಡಿದ್ದಕ್ಕೆ ದೇಶವೆಲ್ಲ ಗಲಾಟೆಯಾಗಿ, ವಿಷಯ ಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ಫಿಯಟ್ ಕಂಪನಿಯೇ ಕಟ್ಟಬೇಕಾಯಿತು. ಶತಕಗಳ ಸರದಾರನಿಗೇ ಈ ಪಾಡಾದರೆ ಅಡಿಕೆ ಬೆಳೆಗಾರನ ಗತಿಯೇನು? ಫೆರಾರಿಯ ಸಂಬಂಧ ಕೂಡಿಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಅದರ ದಾಯಾದಿಗಳ ಮನೆಯಲ್ಲಿ ಹೆಣ್ಣು ನೋಡತೊಡಗಿದೆ.

ಹಾಗೆ ಸಿಕ್ಕಿದ್ದು ಫಿಯಟ್ ಬಳಗದ ಅಬಾರ್ತ್ ಪುಂಟೊ. 2015ರ ಅಕ್ಟೋಬರಿನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ಷೋರೂಮ್ ಬೆಲೆ 9.95 ಲಕ್ಷ. 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಸೊನ್ನೆಯಿಂದ ನೂರಕ್ಕೆ ಒಂಬತ್ತು ಸೆಕೆಂಡಿನೊಳಗೆ. "ಇಟಲಿಯದಂತೆ, ಮಡಿ ಮೈಲಿಗೆ ಹೆಂಗೋ" ಎಂದು ಅಮ್ಮ ಅನುಮಾನಿಸಿದಳು. ತಯಾರಾದದ್ದು ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ, ಅದು ಅಷ್ಟವಿನಾಯಕರಲ್ಲಿ ಒಬ್ಬನ ಊರು ಎಂದ ಮೇಲೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಲು ಒಪ್ಪಿದಳು.

ಒಂಬತ್ತು ಸೆಕೆಂಡಿನ ಮಾತಿಗೆ ಬರುತ್ತೇನೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂಬತ್ತು ಸೆಕೆಂಡು ಅಡ್ಡಿಯಿಲ್ಲದ ರಸ್ತೆಯನ್ನು ಹುಡುಕಬೇಕು. ಚನ್ನಗಿರಿಯಲ್ಲಿ ಹಂಪ್ಸ್. ನನ್ನ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 155 ಮಿಲಿಮೀಟರ್. ನಮ್ಮೂರಿನ ಹಂಪ್ಸ್ ಹಾಕಿದವರಿಗೆ ಮಿಲಿಮೀಟರಿನ ಲೆಕ್ಕವಿಲ್ಲ. ಹಾಗಾಗಿ ಪ್ರತಿ ಹಂಪ್ ಬಂದಾಗಲೂ ಮನೆಯಾಕೆ, ಮಕ್ಕಳು ಇಳಿದು ನಡೆಯಬೇಕು. ನಾನು ಸ್ಟೀರಿಂಗ್ ತಿರುಗಿಸಿ, ಒಂದೊಂದೇ ಚಕ್ರವನ್ನು ಓರೆಯಾಗಿ ಹತ್ತಿಸಿ ಇಳಿಸಬೇಕು. ಅಷ್ಟರಲ್ಲಿ ಬಾಳೆಗೊನೆ ತುಂಬಿದ ಲಗೇಜ್ ಆಟೊ ಹಾರನ್ ಹೊಡೆದು ಮುಂದೆ ಹೋಗಿರುತ್ತದೆ.

ಹೊನ್ನಾಳಿ ಕಡೆ ಮೆಕ್ಕೆಜೋಳ. ಸುಗ್ಗಿಯಲ್ಲಿ ಅರ್ಧ ರಸ್ತೆ ಕಣ. ಜೋಳದ ಅಂಚಿಗೆ ಸಾಲಾಗಿ ಕಲ್ಲು, ಕೊನೆಯಲ್ಲಿ ಕೊಡೆ ಹಿಡಿದು ಕೂತ ಅಜ್ಜಿ. "ಏ ತಮ್ಮಾ, ಜ್ವಾಳದ ಮ್ಯಾಲೆ ಹತ್ತಿಸಬ್ಯಾಡ" ಎಂದು ಕೂಗಿದರೆ 145 ಎಚ್‌ಪಿಯೂ ಅಲ್ಲೇ ಮೆತ್ತಗಾಗುತ್ತದೆ. 2018ರಲ್ಲಿ ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಕುರಿಹಿಂಡು. ತೀರ್ಥರಾಮೇಶ್ವರಕ್ಕೆ ಹೊರಟವನು ಕುರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳುತ್ತಿದ್ದರೆ ಕುರಿಗಾಹಿ ತಿರುಗಿ ನೋಡಿ, "ಗಾಡಿ ಕೆಟ್ಟೈತೇನಣ್ಣ?" ಎಂದು ಕನಿಕರಿಸಿದ.

ಉಳಿದದ್ದು ಜಗಳೂರು. ಬಯಲುಸೀಮೆ, ಹೆಚ್ಚು ತಿರುವಿಲ್ಲದ ರಸ್ತೆ. ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಬಳಿ ಮರ್ಯಾದೆಯಿಂದ ನಿಧಾನ ಹೋಗಿ, ಆಮೇಲೆ ಕಾಲು ಒತ್ತಿದೆ. ಟರ್ಬೊ ಎಚ್ಚರಗೊಂಡು ಬೆನ್ನು ಸೀಟಿಗೆ ಅಂಟಿತು. ಅಷ್ಟರಲ್ಲಿ ಒಕ್ಕಣೆಗೆ ಹರಡಿದ ಹುರುಳಿ! ನಮ್ಮ ಕಡೆ ಹೋಗಿ ಬರುವ ಗಾಡಿಗಳೇ ರೋಣಗಲ್ಲು. ಲಾರಿಗೆ ತೊಂದರೆಯಿಲ್ಲ. ನನ್ನ ಕಾರಿನ ಹೊಟ್ಟೆಗೆ ಮಾತ್ರ ಬಳ್ಳಿಯೆಲ್ಲ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಸುಟ್ಟ ವಾಸನೆ ಬಂತು. ಎಂಜಿನ್ ನಿಲ್ಲಿಸಿ ಇಳಿದರೆ ಹೊಲದಿಂದ ಒಬ್ಬ ಅಜ್ಜ ಕುಡುಗೋಲು ಹಿಡಿದೇ ಬಂದ. ಇಬ್ಬರೂ ನೆಲಕ್ಕೆ ಮಲಗಿ ಬಳ್ಳಿ ಕೊಯ್ದು ಎಳೆದೆವು.

ಎದ್ದ ಅಜ್ಜನ ಕಣ್ಣು ಬಾನೆಟ್ಟಿನ ಲಾಂಛನದ ಮೇಲೆ ಬಿತ್ತು. "ಚೇಳು ಯಾಕ್ ಅಂಟಿಸಿಯಪ್ಪಾ? ಕಲ್ಲೆತ್ತಿದ್ರೆ ನಮ್ಮಲ್ಲೇ ಬೇಕಾದಷ್ಟು ಅದಾವೆ." ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ 1908ರ ನವೆಂಬರ್ 15ರಂದು ವಿಯೆನ್ನಾದಲ್ಲಿ ಹುಟ್ಟಿದವನು, ಅವನದು ವೃಶ್ಚಿಕ ರಾಶಿ, 1949ರಲ್ಲಿ ಕಂಪನಿ ಶುರುಮಾಡಿದಾಗ ಅದನ್ನೇ ಗುರುತು ಮಾಡಿಕೊಂಡ ಎಂದು ವಿವರಿಸಿದೆ. ಅಜ್ಜ ಯೋಚಿಸಿ, "ರಾಶಿ ಸರಿ. ನಕ್ಷತ್ರ ವಿಶಾಖವೋ, ಅನುರಾಧವೋ, ಜ್ಯೇಷ್ಠವೋ?" ಎಂದ. ಇಟಲಿಯವರು ಆ ವಿವರ ಒದಗಿಸಿಲ್ಲ.

ಮನೆಯಲ್ಲಿ ಬೇರೆ ಸಂಕಟ. ಜೋರಾಗಿ ಓಡಿಸಿದ ಟರ್ಬೊ ಗಾಡಿಯನ್ನು ಬಂದ ಕೂಡಲೇ ಆಫ್ ಮಾಡಬಾರದು. ಆಯಿಲ್ ತಿರುಗಾಡಿ ಟರ್ಬೊ ಆರುವ ತನಕ ನಿಮಿಷ ಹೊತ್ತು ಎಂಜಿನ್ ನಡೆಯುತ್ತಿರಬೇಕು. ಅಂಗಳದಲ್ಲಿ ಹಾಗೆ ಕೂತಿದ್ದಾಗ ಅಪ್ಪ ಬಾಗಿಲಿಗೆ ಬಂದು, "ಯಾರಿಗೆ ಕಾಯ್ತಿದೀಯೋ? ಪೆಟ್ರೋಲ್ ಉರಿತತಿ" ಎಂದರು. ಟರ್ಬೊ ತಣ್ಣಗಾಗಲಿ ಅಂತ ಎಂದೆ. "ಸಂತೆಗೆ ಹೋಗಿ ಸೊಪ್ಪು ತಂದಿದ್ದಕ್ಕೆ ಅದು ಬಿಸಿ ಯಾಕಾಗ್ತತಿ?" ಎಂದು ಒಳಗೆ ಹೋದರು.

ಇನ್ನು ಪಾರ್ಟ್ಸು. ಫಿಯಟ್ 2019ರ ಹೊತ್ತಿಗೆ ಪುಂಟೊ, ಲಿನಿಯಾಗಳ ಮಾರಾಟ ನಿಲ್ಲಿಸಿತು. ಅಂದಿನಿಂದ ನಮ್ಮಂಥವರ ಫೋನಿನಲ್ಲಿ ನೆಂಟರಿಗಿಂತ ಹೆಚ್ಚು ಇರುವುದು ಗುಜರಿಯವರ ನಂಬರು. ದಾವಣಗೆರೆ ಪಿ.ಬಿ. ರಸ್ತೆಯ ನನ್ನ ಮಿಸ್ತ್ರಿ ಪ್ರೀಮಿಯರ್ ಪದ್ಮಿನಿ ಕಾಲದವರು. ಸ್ಟೀರಿಂಗ್ ಪಕ್ಕದ ಗೇರು, ಕಾರ್ಬ್ಯುರೇಟರು ಎಲ್ಲ ಕಣ್ಣುಮುಚ್ಚಿ ಬಲ್ಲವರು. ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಮಾತ್ರ ಅವರೂ ಕಣ್ಣು ತೆರೆದೇ ಇರುತ್ತಾರೆ. ಅದು ಓಡುವಾಗ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನನ್ನೇ ಬಿಚ್ಚಬೇಕು. ನಲವತ್ತು ಸಾವಿರ ಓಡಿದ ಬೆಲ್ಟನ್ನು ಉಗುರಲ್ಲಿ ಕೆರೆದು, ಬೆಳಕಿಗೆ ಹಿಡಿದು, "ಇನ್ನೂ ಓಡ್ತತಿ. ಆದ್ರೆ ನೀವು ನಿದ್ದೆ ಮಾಡಲ್ಲ. ಬದ್ಲಿಸಿಬಿಡಿ" ಎಂದರು.

"ಫಿಯಟ್ಟಾ? ದಂಡ" ಎಂದು ನಗುವವರಿಗೆ ನಾನು ಒಂದು ಮಾತು ಹೇಳುವುದುಂಟು. ಈ ದೇಶದ ಡೀಸೆಲ್ ಸ್ವಿಫ್ಟ್, ಡಿಸೈರ್, ಟಾಟಾ ವಿಸ್ಟಾಗಳಲ್ಲಿ ವರ್ಷಗಟ್ಟಲೆ ದುಡಿದ 1.3 ಲೀಟರ್ ಎಂಜಿನ್ ಫಿಯಟ್ಟಿನ ಮಲ್ಟಿಜೆಟ್. ಬಿಎಸ್ 6 ಬಂದ 2020ರವರೆಗೂ ನಮ್ಮ ಮದುವೆ ದಿಬ್ಬಣಗಳು ಸಾಗಿದ್ದು ಇಟಲಿಯ ಎಂಜಿನ್ನಿನಲ್ಲೇ. ದೊಡ್ಡಪ್ಪನಿಗೆ, "ನಿಮ್ಮ ಡಿಸೈರ್ ಎಂಜಿನ್ನೂ ಇಟಲಿಯದೇ" ಎಂದೆ. ಅವರು ಒಪ್ಪಲಿಲ್ಲ. "ಸುಳ್ಳ್ ಹೇಳಬ್ಯಾಡ. ಅದು ಇಪ್ಪತ್ತು ಕೊಡ್ತತಿ."

ಕೊಳ್ಳುವ ಆಸೆಯಿದ್ದರೆ ಕೇಳಿ. ಪೇಂಟಿನ ಹೊಳಪಿಗೆ ಮರುಳಾಗದೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ. ಹಳೇ ಪಂಚೆ ಹಾಸಿ ಕಾರಿನಡಿ ಮಲಗಿ ನೋಡಿ; ಮಾರುವವನು ಹೇಳದ ಹಂಪ್ಸೆಲ್ಲ ಅಲ್ಲಿ ಬರೆದಿರುತ್ತದೆ. ಟರ್ಬೊ ಸುತ್ತ ಆಯಿಲ್ ಜಿನುಗಿದ್ದರೆ ಕೈಮುಗಿದು ಬನ್ನಿ. ಮೈಲೇಜ್ ಕೇಳಬೇಡಿ, ಕೇಳಿದವರಿಗೆ ಹೇಳಲೂ ಬೇಡಿ. ಇಷ್ಟಾದರೂ ಮನಸ್ಸು ತಡೆಯದಿದ್ದರೆ ತೆಗೆದುಕೊಳ್ಳಿ. ಆದರೆ ನಮ್ಮ ಕಡೆಯವರಾದರೆ ಮೆಕ್ಕೆಜೋಳ ರಸ್ತೆಯಿಂದ ಎದ್ದ ಮೇಲೆ ತನ್ನಿ.