ಕಡಲಿಲ್ಲದ ಕರಾವಳಿ: ದೊಡ್ಡಆಲಹಳ್ಳಿ ಮಾರ್ಗದ ದ್ವಿಚಕ್ರ-ತ್ರಿಚಕ್ರ ಮೀಮಾಂಸೆ

ದೊಡ್ಡಆಲಹಳ್ಳಿ ಒಂದು ಕರಾವಳಿ ನಗರ ಎಂಬ ವಾದವನ್ನು ಮೊದಲು ಮಂಡಿಸಿದವರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಈವರೆಗೆ ಯಾರೂ ಮಂಡಿಸಿಲ್ಲ. ಸಂಶೋಧನೆಗೆ ಇದಕ್ಕಿಂತ ಹದವಾದ ನೆಲ ಸಿಗುವುದುಂಟೆ? ಕನಕಪುರ ತಾಲ್ಲೂಕಿನ ಈ ಊರನ್ನು ರಾಜ್ಯದ ಜನ ಡಿ.ಕೆ. ಶಿವಕುಮಾರ್ ಅವರ ಹುಟ್ಟೂರೆಂದು ಬಲ್ಲರು. ಬೆಂಗಳೂರಿನ ಬೈಕ್ ಸವಾರರು ಸಂಗಮ, ಮೇಕೆದಾಟುಗಳಿಗೆ ಹೋಗುವಾಗ ಗೇರು ಇಳಿಸಬೇಕಾದ ಊರೆಂದು ಬಲ್ಲರು. ಈ ಎರಡು ಜ್ಞಾನಗಳ ನಡುವೆ ಉಳಿದಿರುವ ಭಾರಿ ಕಂದಕವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.  

ಮೊದಲು ಪೂರ್ವಪಕ್ಷ. ಇಲ್ಲಿ ಕಡಲಿಲ್ಲ ಎನ್ನುವುದು ಎದುರಾಳಿಗಳ ಮುಖ್ಯ ಆಕ್ಷೇಪ. ಕಾಣಬೇಕಾದದ್ದು ಕಾಣದಿದ್ದರೆ ಅದು ಇಲ್ಲವೆಂದು ತಿಳಿಯುವ ಬಗೆಯನ್ನು ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂದು ಕರೆದು ಆರನೆಯ ಪ್ರಮಾಣದ ಪಟ್ಟ ಕೊಟ್ಟಿದ್ದಾರೆ. ಮಂಗಳೂರಾಗಲಿ ಚೆನ್ನೈಯಾಗಲಿ ಇಲ್ಲಿಂದ ರಸ್ತೆಯಲ್ಲಿ 300 ಕಿಲೋಮೀಟರಿಗೂ ಆಚೆ. ಊರಿನ ಯಾವ ಮಾಳಿಗೆ ಹತ್ತಿ ನೋಡಿದರೂ ಕಾಣುವುದು ರಾಗಿ ಹೊಲ, ಹಿಪ್ಪುನೇರಳೆ ತೋಟ, ದೂರದಲ್ಲಿ ಬಂಡೆಗುಡ್ಡ. ಆಕ್ಷೇಪ ಬಲವಾಗಿದೆ ಎಂದು ಒಪ್ಪಬೇಕು.

ಸಿದ್ಧಾಂತಪಕ್ಷದ ಉತ್ತರ ಇಷ್ಟು. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವ ಹಕ್ಕು ತಾರ್ಕಿಕರಿಗೆ ಇರುವುದಾದರೆ, ಕರಾವಳಿಯ ಲಕ್ಷಣಗಳು ಕಂಡಲ್ಲಿ ಕರಾವಳಿಯನ್ನು ಊಹಿಸುವ ಹಕ್ಕು ಪ್ರವಾಸಿಗೂ ಇದೆ. ಲಕ್ಷಣಗಳು ಯಾವುವು? ಮರಳು, ಬಂಡೆಗೆ ಬಡಿಯುವ ನೀರು, ಕಾದ ಎಣ್ಣೆಯಲ್ಲಿ ಮೀನು, ದುಡ್ಡು ಕೊಟ್ಟರೆ ನೀರಿಗಿಳಿಸುವ ಅಂಬಿಗ, ಒದ್ದೆ ಚಡ್ಡಿಯಲ್ಲೇ ಗಾಡಿ ಹತ್ತಲು ಹವಣಿಸುವ ಯುವಕ, ಮತ್ತು ನೀರಿಗಿಳಿಯಬೇಡಿ, ಸುಳಿಯಿದೆ ಎಂಬ ಫಲಕದ ಕೆಳಗೇ ಬಟ್ಟೆ ಬಿಚ್ಚಿಟ್ಟು ನೀರಿಗಿಳಿದ ಅವನ ಗೆಳೆಯ. ಪಣಂಬೂರು ಬೀಚಿನಲ್ಲಿ ಕಾಣುವ ಈ ಸಕಲ ಲಕ್ಷಣಗಳೂ ದೊಡ್ಡಆಲಹಳ್ಳಿಯ ರಸ್ತೆ ಹೋಗಿ ಮುಗಿಯುವ ಸಂಗಮದಲ್ಲಿವೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಅಂಚು ಸವರಿಕೊಂಡು, ಮಹಾನಗರದ ಕೊಳೆಯಲ್ಲಿ ತನ್ನ ಪಾಲು ಹೊತ್ತು ಅದು ಅಲ್ಲಿಗೆ ಬರುತ್ತದೆ. ನಗರದ ಜನ ಭಾನುವಾರ ಬೈಕಿನಲ್ಲಿ ಬಂದು ತಲುಪುವ ಜಾಗಕ್ಕೆ ಅವರು ವಾರವಿಡೀ ಬಳಸಿದ ನೀರು ಮೊದಲೇ ಬಂದು ಕಾಯುತ್ತಿರುತ್ತದೆ.

ಇನ್ನು ನಗರತ್ವದ ಪ್ರಶ್ನೆ. ಇದಕ್ಕೆ ತರ್ಕ ಬೇಕಿಲ್ಲ, ಸರ್ಕಾರಿ ಆದೇಶ ಸಾಕು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ದೊಡ್ಡಆಲಹಳ್ಳಿ ಒಂದು ಗೇಣೂ ಕದಲದೆ ಬೆಂಗಳೂರಿನೊಳಗೆ ಬಂದು ಕೂತಿತು. ಕೂತಲ್ಲೇ ಮಹಾನಗರವಾಗಬಲ್ಲ ಊರು ಕೂತಲ್ಲೇ ಬಂದರು ಪಟ್ಟಣವೂ ಆಗಬಾರದು ಎನ್ನುವವರು ತಮ್ಮ ಆಕ್ಷೇಪಣೆಯನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬಹುದು.

ಕರಾವಳಿ ನಗರವೆಂದ ಮೇಲೆ ಅದನ್ನು ಸುತ್ತುವ ಗಾಡಿಗಳ ವಿಚಾರವೂ ಬರಬೇಕು. ಅಂಥ ನಗರವನ್ನು ಮೋಟಾರ್ ಸೈಕಲ್ಲಿನಲ್ಲೂ ಮೂರು ಚಕ್ರದ ಗಾಡಿಯಲ್ಲೂ ಸುತ್ತಿಸಿ ತೋರಿಸುವುದು ಜಗತ್ತಿನಲ್ಲಿ ದೊಡ್ಡ ವ್ಯಾಪಾರ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಸೈಡ್‌ಕಾರ್ ಜೋಡಿಸಿದ ಹಳೆಯ ಮಾದರಿಯ ಬೈಕುಗಳು ಪ್ರವಾಸಿಗಳನ್ನು ಕಡಲ ದಂಡೆಯ ಉದ್ದಕ್ಕೂ ಒಯ್ಯುತ್ತವೆ. ಲಿಸ್ಬನ್ನಿನ ಕಡಿದಾದ ಓಣಿಗಳಲ್ಲಿ ನಮ್ಮ ಆಟೋಗಳ ದಾಯಾದಿಗಳು ಯೂರೋ ಲೆಕ್ಕದಲ್ಲಿ ಬಾಡಿಗೆ ಪಡೆದು ಓಡುತ್ತವೆ. ನವಮಂಗಳೂರು ಬಂದರಿಗೆ ವಿಹಾರ ಹಡಗು ಬಂದ ದಿನ ಅದರಿಂದಿಳಿದವರು ಕದ್ರಿ, ಕುದ್ರೋಳಿ ದೇವಸ್ಥಾನಗಳನ್ನೂ ಅಂತೋನಿಯೊ ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್ಲನ್ನೂ ನೋಡಿಕೊಂಡು ಸಂಜೆಯೊಳಗೆ ಹಡಗು ಹತ್ತುತ್ತಾರೆ. ಗೋವಾದಲ್ಲಂತೂ ಬಾಡಿಗೆ ಮೋಟಾರ್ ಸೈಕಲ್ ಓಡಿಸುವವನಿಗೆ ಪೈಲಟ್ ಎಂಬ ಬಿರುದು, ಗಾಡಿಗೆ ಹಳದಿ ಬಣ್ಣ, ಜೇಬಿನಲ್ಲಿ ಪರವಾನಗಿ. ಅದೇ ಕೆಲಸ ಕರ್ನಾಟಕದಲ್ಲಿ ಹೈಕೋರ್ಟಿನವರೆಗೆ ಹೋಯಿತು. 2025ರ ಜೂನ್‌ನಲ್ಲಿ ಬೈಕ್ ಟ್ಯಾಕ್ಸಿಗಳು ನಿಂತಾಗ ಬೆಂಗಳೂರಿನ ಕೆಲವರು ತಮ್ಮನ್ನೇ ಪಾರ್ಸೆಲ್ ಎಂದು ಬುಕ್ ಮಾಡಿಕೊಂಡು ಕಚೇರಿ ತಲುಪಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಿಂದಿನ ಸೀಟಿನಲ್ಲಿ ಕೂತು ದಾರಿ ಹೇಳುವ, ಸಿಗ್ನಲ್ಲಿನಲ್ಲಿ ಆಕಳಿಸುವ ಪಾರ್ಸೆಲ್ ನಮ್ಮ ಶಾಸ್ತ್ರ ಸಾಹಿತ್ಯದಲ್ಲಿ ಹೊಸ ಪದಾರ್ಥ. ವೈಶೇಷಿಕರು ಎಣಿಸಿದ ಏಳರಲ್ಲಿ ಇದು ಸೇರಿಲ್ಲ.

ದೊಡ್ಡಆಲಹಳ್ಳಿ ಮಾರ್ಗದ ದ್ವಿಚಕ್ರಗಳನ್ನು ಆಗಂತುಕ ಮತ್ತು ಸ್ಥಾವರ ಎಂದು ಎರಡಾಗಿ ವಿಂಗಡಿಸಬಹುದು. ಆಗಂತುಕ ವರ್ಗ ಭಾನುವಾರ ಬೆಳಗ್ಗೆ ಕನಕಪುರದ ಕಡೆಯಿಂದ ಗುಂಪಾಗಿ ಬರುತ್ತದೆ. ಮುಂದೆ 350 ಸಿಸಿಯ ಬುಲೆಟ್ಟುಗಳು, ನಡುವೆ ವಿದೇಶಿ ಹೆಸರಿನ ಎತ್ತರದ ಗಾಡಿಗಳು, ಹಿಂದೆಲ್ಲೋ ಹೊಗೆಯುಗುಳುತ್ತ ಒಂದು ಯೆಜ್ಡಿ. ಯೆಜ್ಡಿಯನ್ನು ಆಗಂತುಕವೆನ್ನಲು ಪ್ರಬಂಧಕಾರರಿಗೆ ಮನಸ್ಸು ಬಾರದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. 1960ರ ದಶಕದ ಆರಂಭದಿಂದ ಜಾವಾಗಳನ್ನೂ ಆಮೇಲೆ ಯೆಜ್ಡಿಗಳನ್ನೂ ಹೊರತಂದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈ ವರ್ಗದ ಸವಾರ ಮಂಡಿಗೆ ಕವಚ, ಎದೆಗೆ ಕವಚ ತೊಟ್ಟು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇಟ್ಟುಕೊಂಡಿರುತ್ತಾನೆ. ಕುರುಕ್ಷೇತ್ರಕ್ಕೆ ಹೊರಟವರಲ್ಲೂ ಅನೇಕರಿಗೆ ಇಷ್ಟು ಸಲಕರಣೆ ಇದ್ದಿರಲಾರದು.

ಸ್ಥಾವರ ವರ್ಗದ ಪ್ರತಿನಿಧಿ ಟಿವಿಎಸ್ ಎಕ್ಸ್‌ಎಲ್. ಇಂಜಿನ್ನು ನೂರು ಸಿಸಿಗೂ ಕಡಿಮೆ, ಹೊರೆಗೆ ಮಿತಿಯಿಲ್ಲ. ಮುಂದೆ ಕಾಲಿಡುವ ಜಾಗದಲ್ಲಿ ಹಾಲಿನ ಕ್ಯಾನು, ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಅಥವಾ ಸೀಮೆಹುಲ್ಲು, ಹೊರೆಯ ಮೇಲೆ ಸಾಧ್ಯವಾದರೆ ಒಬ್ಬ ಮೊಮ್ಮಗ. ಸವಾರನ ಕವಚ ಒಂದು ಟವಲು. ಎದುರಿನಿಂದ ಬರುವ ಬುಲೆಟ್ ತಂಡವನ್ನು ಅವನು ತಲೆಯೆತ್ತಿ ನೋಡುವುದಿಲ್ಲ. ನೋಡುವ ಕೆಲಸವನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ವಹಿಸಲಾಗಿದೆ.

ಆ ಬೆಂಚಿನ ಸಭೆಯನ್ನು ಈವರೆಗಿನ ಪ್ರವಾಸೋದ್ಯಮ ಸಂಶೋಧಕರು ಪೂರ್ತಿ ಕಡೆಗಣಿಸಿದ್ದಾರೆ. ಅಲ್ಲಿ ನಡೆಯುವ ಸಂವಾದದ ಮಾದರಿ ಹೀಗಿರುತ್ತದೆ.

“ಅಣ್ಣಾ, ಸಂಗಮ ಇನ್ನೂ ಎಷ್ಟು ದೂರ?”

“ಇಲ್ಲೇ ಕಣಪ್ಪ, ಸೀದಾ ಹೋಗಿ. ನೀರಲ್ಲಿ ಮಾತ್ರ ಇಳೀಬ್ಯಾಡಿ.”

“ನೀರಿಗೇ ಅಲ್ವಾ ಅಣ್ಣಾ ಬಂದಿರೋದು?”

“ಅದ್ಕೇ ಹೇಳಿದ್ದು.”

ಮೇಕೆದಾಟಿನ ಕಮರಿಯಲ್ಲೂ ಸಂಗಮದ ಮಡುಗಳಲ್ಲೂ ಪ್ರತಿವರ್ಷ ಜೀವಹಾನಿಯಾಗುತ್ತದೆ. ಬೆಂಚಿನವರು ಶವ ಹೊತ್ತ ಗಾಡಿಗಳನ್ನೂ ಇದೇ ರಸ್ತೆಯಲ್ಲಿ ಕಂಡವರು. ಈ ಒಂದು ವಿಷಯದಲ್ಲಿ ಪ್ರಬಂಧಕ್ಕೆ ಅಣಕ ಸಾಧ್ಯವಾಗಿಲ್ಲ.

ತ್ರಿಚಕ್ರ ಪ್ರಕರಣಕ್ಕೆ ಬಂದರೆ ಶಾಸ್ತ್ರ ಜಟಿಲವಾಗುತ್ತದೆ. ಜಗತ್ತಿನ ಮೊದಲ ಮೋಟಾರ್ ಕಾರೆಂದು ಹೆಸರಾದ, 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ನ ಗಾಡಿಗೆ ಇದ್ದದ್ದು ಮೂರೇ ಚಕ್ರ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು ಮ್ಯಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ಓಡಿಸಿದಳು. ಹೋದದ್ದು ತಾಯಿಯ ಮನೆಗೆ. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು, ನಳಿಕೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು, ಬ್ರೇಕು ಸವೆದಾಗ ಚಮ್ಮಾರನ ಕೈಲಿ ಚರ್ಮ ಹೊಡೆಸಿದಳು. ಮೋಟಾರು ಯುಗದ ಮೊದಲ ದೂರ ಪ್ರಯಾಣ ಮೂರು ಚಕ್ರದ ಮೇಲೆ, ತವರಿನ ನೆಪದಲ್ಲಿ, ರಿಪೇರಿ ಮಾಡಿಕೊಳ್ಳುತ್ತ ನಡೆಯಿತು ಎಂಬುದನ್ನು ಕನಕಪುರ ಸೀಮೆಯ ಯಾವ ಆಟೋದವನಿಗೆ ಹೇಳಿದರೂ ಅವನಿಗೆ ಹೊಸದೆನಿಸುವುದಿಲ್ಲ. ಶುಕ್ರವಾರ ಸಂಜೆ ಅವನ ಆಪೆ ಆಟೋದಲ್ಲಿ ಬ್ಯಾಗು, ಮಕ್ಕಳು, ಕೋಳಿಯೊಂದಿಗೆ ತವರಿಗೆ ಹೊರಟ ಹೆಂಗಸರೇ ಹೆಚ್ಚು. ಚಾಲಕನ ಎಡಬಲಕ್ಕೆ ಒಬ್ಬೊಬ್ಬರು ಅಂಟಿಕೊಂಡಿರುತ್ತಾರೆ. ಹ್ಯಾಂಡಲ್ ಯಾರ ಕೈಯಲ್ಲಿದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಲಿಸ್ಬನ್ನಿನಲ್ಲಿ ಇದಕ್ಕೆ ಟೂರ್ ಎಂದು ಹೆಸರು, ಇಲ್ಲಿ ಬಸ್ಸು ತಪ್ಪಿದ್ದಕ್ಕೆ ಪರಿಹಾರ.

ಆದರೆ ಜಿಲ್ಲೆಯ ಅತ್ಯಂತ ಪ್ರಸಿದ್ಧ ತ್ರಿಚಕ್ರ ಆಪೆಯಲ್ಲ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ರಾಮದೇವರಬೆಟ್ಟದ ಬುಡದಲ್ಲಿ ಸೆಟ್ ಹಾಕಿ ಚಿತ್ರಿಸಿದ್ದು ಎಲ್ಲರೂ ಬಲ್ಲ ಸಂಗತಿ. ಅದರಲ್ಲಿ ಧರ್ಮೇಂದ್ರ, ಅಮಿತಾಭ್ ಬಚ್ಚನ್ ಹಾಡುತ್ತ ಓಡಿಸುವ ಸೈಡ್‌ಕಾರ್ ಬೈಕು ಬಿಎಸ್‌ಎ ಕಂಪನಿಯ ಡಬ್ಲ್ಯೂಎಂ20, 1942ರ ಮಾದರಿ, ಎರಡನೆಯ ಮಹಾಯುದ್ಧದ ಕಾಲದ್ದು. ಹಾಡಿನ ನಡುವೆ ಸೈಡ್‌ಕಾರ್ ಕಳಚಿಕೊಂಡು ತನ್ನ ಪಾಡಿಗೆ ಹೋಗಿ ಮತ್ತೆ ಬಂದು ಕೂಡಿಕೊಳ್ಳುತ್ತದೆ. ಅದು ಎರಡು ಚಕ್ರದ ಗಾಡಿಯೋ ಮೂರು ಚಕ್ರದ್ದೋ ಎಂಬ ಪ್ರಶ್ನೆಗೆ, ಹಾಡಿನ ಯಾವ ಚರಣದಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಬೇರೆಯೂ ಹೌದು, ಒಂದೂ ಹೌದು ಎನ್ನುವ ಭೇದಾಭೇದ ವಾದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಯಾವ ಭಾಷ್ಯಕಾರರಿಗೂ ಒದಗಿರಲಿಲ್ಲ. ಚಿತ್ರಕ್ಕೆ ಐವತ್ತು ತುಂಬಿದ 2025ರಲ್ಲಿ, ನವೆಂಬರಿನ ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆಂದು ಆ ಬೈಕನ್ನು ಗೋವಾದಲ್ಲಿ ಪ್ರದರ್ಶನಕ್ಕಿಟ್ಟರು. ಕರ್ನಾಟಕದ ಹಿರಿಯ ಅಧಿಕಾರಿಯೊಬ್ಬರ ಸಂಗ್ರಹದಲ್ಲಿ ಉಳಿದಿದ್ದ ಗಾಡಿ ಅದು. ರಾಮನಗರದ ಬಂಡೆಗಳ ನಡುವೆ ಹೆಸರು ಮಾಡಿದ ತ್ರಿಚಕ್ರ ಕಡೆಗೂ ಕರಾವಳಿ ನಗರಕ್ಕೆ ಹೋಯಿತು. ಅಲ್ಲಿ ಅದು ಯಾರನ್ನೂ ಹತ್ತಿಸಿಕೊಂಡು ಊರು ತೋರಿಸಲಿಲ್ಲ, ಊರೇ ಬಂದು ಅದನ್ನು ನೋಡಿತು.

ಈ ರಸ್ತೆಯಲ್ಲಿ ಚಕ್ರಗಳಿಲ್ಲದೆ ನಡೆದ ಒಂದು ದೊಡ್ಡ ಪ್ರಯಾಣವನ್ನು ಪ್ರಬಂಧ ಮರೆಯುವಂತಿಲ್ಲ. 2022ರ ಜನವರಿ 9ರಂದು ಮೇಕೆದಾಟು ಅಣೆಕಟ್ಟೆಗಾಗಿ ಕಾಂಗ್ರೆಸ್ಸಿನ ಪಾದಯಾತ್ರೆ ಸಂಗಮದಿಂದ ಹೊರಟು ಮೊದಲ ದಿನವೇ ದೊಡ್ಡಆಲಹಳ್ಳಿಯಲ್ಲಿ ತಂಗಿತು. ಕೋವಿಡ್ ನಿರ್ಬಂಧಗಳ ನಡುವೆ ರಾಮನಗರದಲ್ಲಿ ನಿಂತು, ಫೆಬ್ರುವರಿ ಕೊನೆಗೆ ಮತ್ತೆ ಶುರುವಾಗಿ ಬೆಂಗಳೂರು ಮುಟ್ಟಿತು. ಬೈಕಿನವರು ಒಂದು ಟೀ ಕುಡಿಯುವಷ್ಟರಲ್ಲಿ ದಾಟುವ ಆ ಮೊದಲ ದಿನದ ದೂರಕ್ಕೆ ಅವರಿಗೆ ಒಂದು ಹಗಲು ಹಿಡಿಯಿತು. ನೀರಿಗಾಗಿ ಬೆಂಗಳೂರಿನಿಂದ ಇಲ್ಲಿಗೆ ಬರುವವರ ದಾರಿಯಲ್ಲೇ, ಬೆಂಗಳೂರಿಗೆ ನೀರು ಬೇಕೆಂದು ಎದುರು ದಿಕ್ಕಿಗೆ ನಡೆದವರು ಇವರು.

ಸಂಗಮದಲ್ಲಿ ಎಲ್ಲ ಚಕ್ರಗಳೂ ನಿಲ್ಲುತ್ತವೆ. ಅರ್ಕಾವತಿ ದಾಟಲು ತೆಪ್ಪವೇ ಗತಿ, ನೀರು ಕಡಿಮೆಯಿದ್ದರೆ ಪ್ಯಾಂಟು ಮಡಚಿಕೊಂಡು ನಡಿಗೆ. ಆಚೆ ದಡದಿಂದ ಮೇಕೆದಾಟಿಗೆ ಸುಮಾರು 4 ಕಿಲೋಮೀಟರು. ಕಾಡಿನ ದಾರಿಯಲ್ಲಿ ಕುಲುಕುತ್ತ ಒಯ್ಯುವ ಹಳೆಯ ಬಸ್ಸಿನಲ್ಲಿ ಹೋಗಬೇಕು. ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ನೆಲ. ಆನೆ, ನೀರುನಾಯಿ, ಮೊಸಳೆಗಳಿಗೆ ಸೇರಿದ್ದು. ಲಕ್ಷಾಂತರ ರೂಪಾಯಿಯ ಗಾಡಿಯನ್ನು ದಡದಲ್ಲಿ ಬಿಟ್ಟು, ಬಿದಿರು ಹೆಣೆದ ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂತ ಸವಾರ ಕವಚ ಬಿಚ್ಚಿ ಲೈಫ್ ಜಾಕೆಟ್ ತೊಡುತ್ತಾನೆ. ತೆಪ್ಪಕ್ಕೆ ಹ್ಯಾಂಡಲ್ಲೂ ಇಲ್ಲ, ಮುಂದುಹಿಂದೂ ಇಲ್ಲ.

ಕೊನೆಗೆ ಕಡಲಿನ ಪ್ರಶ್ನೆ ಇತ್ಯರ್ಥವಾಗಬೇಕು. ಸಂಗಮದ ನೀರು ಹರಿದು ಸೇರುವುದು ತಮಿಳುನಾಡಿನ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿಯನ್ನು. ಪೂಂಪುಹಾರು ಚೋಳರ ಹಳೆಯ ರೇವು ಪಟ್ಟಣ. ಅದನ್ನು ಸಮುದ್ರ ನುಂಗಿತೆಂದು ‘ಮಣಿಮೇಕಲೈ’ ಕಾವ್ಯ ಹೇಳುತ್ತದೆ. ಈ ತುದಿಗೂ ಅಂಥದೊಂದು ಯೋಜನೆ ಸಿದ್ಧವಿದೆ. 67 ಟಿಎಂಸಿ ನೀರು ನಿಲ್ಲಿಸಿ 400 ಮೆಗಾವಾಟ್ ವಿದ್ಯುತ್ ತೆಗೆಯುವ ಮೇಕೆದಾಟು ಸಮತೋಲನ ಜಲಾಶಯ ಕಟ್ಟಿದರೆ ಐದು ಸಾವಿರ ಹೆಕ್ಟೇರಿನಷ್ಟು ನೆಲ, ಬಹುಪಾಲು ಕಾಡು, ನೀರಡಿಗೆ ಹೋಗುತ್ತದೆ. ಸಂಗಮವೂ ಮುಳುಗುವ ಪಟ್ಟಿಯಲ್ಲಿದೆ. ಕಡಲು ಬರುವ ದಿನ ಕರಾವಳಿ ಇರುವುದಿಲ್ಲ ಎಂಬ ಈ ತೊಡಕಿಗೆ ಪೂರ್ವಪಕ್ಷದವರು ಚಪ್ಪಾಳೆ ತಟ್ಟಿದ್ದಾರೆ. ಇದಕ್ಕೆ ಪರಿಹಾರವನ್ನು ಸ್ಥಳದಲ್ಲೇ ಪರಿಶೀಲಿಸಲು ಪ್ರಬಂಧಕಾರರು ಗೋವಾ, ಮಂಗಳೂರು, ಪೂಂಪುಹಾರುಗಳಿಗೆ ಮೂರು ಚಕ್ರದ ಗಾಡಿಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಪ್ರಸ್ತಾವ ಸಲ್ಲಿಸಿದ್ದರು. ಕಚೇರಿ ಅದನ್ನು ಮರಳಿಸಿದೆ. ಮೂರು ಚಕ್ರದ ಗಾಡಿಗೆ ಪ್ರಯಾಣ ಭತ್ಯೆಯ ನಿಯಮಗಳಲ್ಲಿ ಅವಕಾಶವಿಲ್ಲ, ಕನಕಪುರದಿಂದ ಸಾದಾ ಬಸ್ಸಿನ ಟಿಕೆಟ್ ಲಗತ್ತಿಸತಕ್ಕದ್ದು ಎಂಬ ಷರಾ ಅಂಚಿನಲ್ಲಿದೆ.