ಕಂಡೆನ್ಸರ್ ಪುರಾಣ

ನಮ್ಮ ಮನೆಗಳಲ್ಲಿ ಕೆಪಾಸಿಟರ್ ಎಂಬುದರ ನೆನಪಾಗುವುದು ಸೀಲಿಂಗ್ ಫ್ಯಾನು ಮೈಗಳ್ಳತನ ಶುರುಮಾಡಿದಾಗ. ಎಲೆಕ್ಟ್ರಿಷಿಯನ್ ಸ್ಟೂಲು ಹತ್ತಿ, ‘ಕಂಡೆನ್ಸರ್ ಹೋಗಿದೆ ಸಾರ್’ ಎಂದು ತೀರ್ಪು ಕೊಡುತ್ತಾನೆ. 2.5 ಮೈಕ್ರೋಫ್ಯಾರಡ್ಡಿನ ಬಿಳಿ ಡಬ್ಬಿಯೊಂದು ಬರುತ್ತದೆ, ಫ್ಯಾನು ತಿರುಗುತ್ತದೆ. ಒಳಗಿರುವುದು ಕಾಗದವೋ ಪ್ಲಾಸ್ಟಿಕ್ಕೋ, ಗಾಳಿ ಮೊದಲಿಗಿಂತ ಮಧುರವಾಯಿತೋ ಎಂದು ಇಂದಿನವರೆಗೆ ಯಾರೂ ಕೇಳಿದ್ದಿಲ್ಲ.

ಇದೇ ವಂಶದ ಕಿರಿಯ ಕುಡಿ, ಅಳತೆಯಲ್ಲಿ ಫ್ಯಾನಿನದರ ನೂರರಲ್ಲೊಂದು ಪಾಲು, ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯಲ್ಲಿ ಟೋನ್ ಗುಂಡಿಗೆ ಅಂಟಿಕೊಂಡು ಕೂತಿರುತ್ತದೆ. ಅದರ ಭಾಗ್ಯವೇ ಬೇರೆ. ಸೆರಾಮಿಕ್ಕಿನದಾದರೆ ದನಿ ಒರಟು, ಎಣ್ಣೆಯಲ್ಲಿ ನೆನೆಸಿದ ಕಾಗದದ್ದಾದರೆ ದನಿಗೆ ಕೆನೆ ಕಟ್ಟುತ್ತದೆ ಎಂದು ವಾದಿಸುವವರಿದ್ದಾರೆ. ಎಲ್ಲವೂ ಭ್ರಮೆ ಎಂದು ಗದರುವವರೂ ಇದ್ದಾರೆ. ಎರಡು ಬಣದವರೂ ಗಿಟಾರ್ ನುಡಿಸುವುದಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೆ ಕೊಟ್ಟಿದ್ದಾರೇನೋ ಎಂಬ ಗುಮಾನಿ ನನಗಿದೆ.

ಒಳಗಿನ ವ್ಯವಹಾರ ಸರಳ. ತಂತಿ ಕಂಪಿಸಿದರೆ ಪಿಕಪ್ಪಿನ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದರಲ್ಲಿನ ಚೂಪು ಸ್ವರಾಂಶಗಳನ್ನು ಕೆಪಾಸಿಟರ್ ಸಲೀಸಾಗಿ ನೆಲಕ್ಕೆ ಹರಿಯಬಿಡುತ್ತದೆ, ದಪ್ಪ ದನಿಯನ್ನು ತಡೆಯುತ್ತದೆ. ಎಷ್ಟು ಹರಿಯಬೇಕೆಂದು ನಿರ್ಧರಿಸುವುದು ಗುಂಡಿ. ಗುಂಡಿ ಹತ್ತರಲ್ಲಿದ್ದಾಗ ದಾರಿಗೆ 5 ಲಕ್ಷ ಓಮ್‌ಗಳ ತಡೆ ಅಡ್ಡ ನಿಂತಿರುತ್ತದೆ. 0.022 ಮೈಕ್ರೋಫ್ಯಾರಡ್ಡಿನ ಕೆಪಾಸಿಟರು 1,000 ಹರ್ಟ್ಸ್‌ನಲ್ಲಿ ತನ್ನ ಪಾಲಿಗೆ ಸೇರಿಸುವುದು ಸುಮಾರು 7 ಸಾವಿರ. ಅದು ಚಿನ್ನದ್ದಾದರೂ ಮಣ್ಣಿನದಾದರೂ ಆ ಐದು ಲಕ್ಷದ ಹಿಂದೆ ಅದರ ಮಾತು ನಡೆಯುವುದಿಲ್ಲ. ಗುಂಡಿಯನ್ನು ಸೊನ್ನೆಯ ಕಡೆಗೆ ತಿರುಗಿಸಿದಾಗಲೇ ಅದಕ್ಕೆ ಕೆಲಸ. ತಮಾಷೆಯೆಂದರೆ ನಾನು ಕಂಡ ಬಹುಪಾಲು ಗಿಟಾರ್ ವಾದಕರು ಟೋನ್ ಗುಂಡಿಯನ್ನು ಹತ್ತರಿಂದ ಅಲುಗಾಡಿಸುವುದೇ ಇಲ್ಲ. ಜಗಳವೆಲ್ಲ ದೀರ್ಘ ರಜೆಯ ಮೇಲಿರುವ ಗುಮಾಸ್ತನ ಕಾರ್ಯದಕ್ಷತೆಯ ಬಗ್ಗೆ ನಡೆದಂತೆ!

ಈ ಪುರಾಣದ ದೇವತೆ ಸ್ಪ್ರೇಗ್ ಕಂಪನಿಯ ‘ಬಂಬಲ್‌ಬೀ’. ಕಪ್ಪು ಮೈ, ಸುತ್ತ ಬಣ್ಣದ ಪಟ್ಟೆ, ಥೇಟ್ ದುಂಬಿ. ಪಟ್ಟೆಗಳು ಅಳತೆ ತಿಳಿಸುವ ಸಂಕೇತವೇ ಹೊರತು ಶೃಂಗಾರವಲ್ಲ. 1950ರ ದಶಕದ ಕೊನೆಯ ಗಿಬ್ಸನ್ ಲೆಸ್ ಪಾಲ್‌ಗಳ ಒಳಗೆ ಇವಿದ್ದವು. ಆ ಗಿಟಾರುಗಳು ಇಂದು ಲಕ್ಷಾಂತರ ಡಾಲರಿಗೆ ಮಾರಾಟವಾಗುವುದರಿಂದ ದುಂಬಿಗೂ ದೈವತ್ವ ಬಂತು. ಆಗಿನ ಕಾಲಕ್ಕೆ ಅವು ರೇಡಿಯೋ, ಟೀವಿಗಳಲ್ಲಿ ಹಾಕುತ್ತಿದ್ದ ಸಾಮಾನ್ಯ ಬಿಡಿಭಾಗ. ಇನ್ನೊಂದು ಮಹಾಗಿಟಾರಿನ ಜನಕ ಲಿಯೋ ಫೆಂಡರ್‌ಗಂತೂ ಗಿಟಾರ್ ನುಡಿಸಲೇ ಬರುತ್ತಿರಲಿಲ್ಲ. ಆತ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವ. ಅವನ 1954ರ ಸ್ಟ್ರಾಟೋಕಾಸ್ಟರಿನಲ್ಲಿದ್ದದ್ದು 0.1ರ ಕೆಪಾಸಿಟರ್. ಮುಂದೆ ಅದು 0.05ಕ್ಕೆ ಇಳಿಯಿತು.

ಈ ಅಂಕಿಗಳು ಮಾತ್ರ ಪೊಳ್ಳಲ್ಲ. ಗುಂಡಿಯನ್ನು ಪೂರಾ ಮುಚ್ಚಿದಾಗ ಪಿಕಪ್ಪಿನ ಸುರುಳಿಯೂ ಕೆಪಾಸಿಟರೂ ಕೂಡಿಕೊಂಡು ಒಂದು ಸ್ವರವಲಯವನ್ನು ಎತ್ತಿ ಹಿಡಿಯುತ್ತವೆ. 4 ಹೆನ್ರಿಯ ಪಿಕಪ್ಪಿಗೆ 0.022 ಹಾಕಿದರೆ ಆ ಉಬ್ಬು ಸುಮಾರು 535 ಹರ್ಟ್ಸ್‌ನಲ್ಲಿ, 0.047 ಹಾಕಿದರೆ 365ರ ಆಸುಪಾಸಿನಲ್ಲಿ. ಇದು ಕಿವುಡರನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತದೆ. 1967ರಲ್ಲಿ ಕ್ರೀಮ್ ತಂಡದ ಎರಿಕ್ ಕ್ಲಾಪ್ಟನ್ ಟೋನ್ ಗುಂಡಿ ಇಳಿಸಿ, ಆಂಪ್ಲಿಫೈಯರ್ ಏರಿಸಿ, ಮೂಗಿನಲ್ಲಿ ಹಾಡಿದಂಥ ದುಂಡನೆಯ ದನಿ ಹೊರಡಿಸಿದನಲ್ಲ, ‘ವುಮನ್ ಟೋನ್’ ಎಂದು ಹೆಸರಾದದ್ದು, ಅದರಲ್ಲಿ ಈ ಉಬ್ಬಿನ ಪಾಲಿದೆ. ಕ್ಲಾಪ್ಟನ್‌ಗೆ ರಜೆಯ ಗುಮಾಸ್ತನನ್ನು ಕರೆದು ಕೆಲಸಕ್ಕೆ ಹಚ್ಚಲು ಗೊತ್ತಿತ್ತು.

ಹಾಗಾದರೆ ಕೆನೆ, ಒರಟು ಎಂದೆಲ್ಲ ಕೇಳಿಸಿಕೊಂಡವರು ಸುಳ್ಳು ಹೇಳುತ್ತಾರೆಯೇ? ನನಗೆ ಹಾಗನ್ನಿಸುವುದಿಲ್ಲ. ಕೆಪಾಸಿಟರ್ ಬದಲಿಸಲು ಗಿಟಾರ್ ಬಿಚ್ಚಿದವರು ಹೇಗೂ ಬಿಚ್ಚಿದ್ದೇವಲ್ಲ ಎಂದು ಹೊಸ ತಂತಿ ಹಾಕುತ್ತಾರೆ. ಆಮೇಲೆ ದನಿ ಫಳಫಳ ಎಂದರೆ ಶಹಭಾಸ್‌ಗಿರಿ ಹೋಗುವುದು ಕೆಪಾಸಿಟರಿಗೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ನನ್ನ ಗೆಳೆಯನೊಬ್ಬ ಎಣ್ಣೆಯ ಕೆಪಾಸಿಟರನ್ನು ವಿದೇಶದಿಂದ ತರಿಸಿದ. ಬೆಲೆಯನ್ನು ಹೆಂಡತಿಗೆ ಹೇಳಿಲ್ಲ, ನನಗೂ ಅರ್ಧವೇ ಹೇಳಿದ್ದಾನೆಂದು ಅನುಮಾನ. ತಂತಿ ಬದಲಿಸಬಾರದೆಂಬ ನನ್ನ ಷರತ್ತಿಗೆ ಒಪ್ಪಿ ಬೆಸುಗೆ ಹಾಕಿದ. ಗುಂಡಿ ಸೊನ್ನೆಗೆ ಇಳಿಸಿದಾಗ ದನಿ ನಿಜಕ್ಕೂ ಒಂದು ಕೂದಲೆಳೆ ದಪ್ಪಗಾಗಿತ್ತು. ಅವನ ಮುಖ ನೋಡಬೇಕಿತ್ತು. ಮೀಟರ್ ಹಚ್ಚಿದೆವು. ಎರಡರ ಮೈಮೇಲೂ 0.022 ಎಂದೇ ಬರೆದಿತ್ತು. ಆದರೆ ತೆಗೆದುಹಾಕಿದ ಸೆರಾಮಿಕ್ ತೋರಿಸಿದ್ದು 0.0187, ಎಣ್ಣೆಯದು 0.0248. ಇಂಥ ಭಾಗಗಳಲ್ಲಿ ಶೇಕಡಾ 20ರಷ್ಟು ಹೆಚ್ಚುಕಮ್ಮಿಗೆ ಕಾರ್ಖಾನೆಯವರೇ ಪರವಾನಗಿ ಕೊಟ್ಟಿರುತ್ತಾರೆ. ಅವನ ಕಿವಿ ಸರಿಯಾಗಿಯೇ ಇತ್ತು, ಎಣ್ಣೆಯದೇನೂ ಪವಾಡವಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಕೊಂಡಿದ್ದ ಹಸಿರು ಪಾಲಿಯೆಸ್ಟರ್ ಕೆಪಾಸಿಟರುಗಳ ಪೊಟ್ಟಣ ನನ್ನ ಬಳಿ ಇತ್ತು. ಸುರುವಿಕೊಂಡು ಒಂದೊಂದನ್ನೇ ಅಳೆಯುತ್ತ ಹೋದೆ. 0.0247 ತೋರಿಸಿದ್ದೊಂದು ಸಿಕ್ಕಿತು. ಹಾಕಿ ಕೇಳಿದರೆ ಅದೇ ದಪ್ಪ, ಅದೇ ಕೆನೆ. ಅವನು ಕಣ್ಣುಮುಚ್ಚಿ ಕೇಳಿದ, ಕಣ್ಣುಬಿಟ್ಟು ಕೇಳಿದ, ವ್ಯತ್ಯಾಸವಿಲ್ಲವೆಂದು ಒಪ್ಪಿದ. ನಂತರ ಬೆಸುಗೆ ಕರಗಿಸಿ ಹಸಿರನ್ನು ಕಿತ್ತು ಎಣ್ಣೆಯದನ್ನೇ ಮತ್ತೆ ಕೂರಿಸತೊಡಗಿದ.

‘ಎರಡೂ ಒಂದೇ ಅಂದೆಯಲ್ಲೋ?’ ಎಂದೆ.

‘ದನಿ ಒಂದೇ. ದುಡ್ಡು ಒಂದೇನಾ?’ ಎಂದವನು ಮುಚ್ಚಳದ ಸ್ಕ್ರೂ ಬಿಗಿದು, ಟೋನ್ ಗುಂಡಿಯನ್ನು ಹತ್ತಕ್ಕೆ ತಿರುಗಿಸಿ, ನುಡಿಸಲು ಕೂತ.