ಬಿ.ಸಿ. ರೋಡಿನ ಬೋರ್ಡೂ ಕ್ಲಸ್ಟರಿನ ಬಾಗಿಲೂ

ಬಂಟ್ವಾಳದ ಬಿ.ಸಿ. ರೋಡಿಗೆ ಬಂದ ಬಸ್ಸಿಗೆ ಬೋರ್ಡೇ ಜಾತಕ: ಬೆಳ್ತಂಗಡಿ ಎಂದಿದ್ದರೆ ಒಂದು ದಾರಿ, ಪುತ್ತೂರು ಎಂದಿದ್ದರೆ ಇನ್ನೊಂದು. ಕುಬರ್ನೆಟಿಸ್ ಕ್ಲಸ್ಟರಿನ ಬಾಗಿಲಲ್ಲಿ ಕೂತ ಇಂಗ್ರೆಸ್ ಕಂಟ್ರೋಲರಿನ ಕೆಲಸವೂ ಅಷ್ಟೇ. ಬಂದ ಕೋರಿಕೆಯ ಹೋಸ್ಟ್ ಹೆಸರು, ಪಾಥ್ ಓದಿ ಸರಿಯಾದ ಸರ್ವಿಸಿಗೆ ಕಳಿಸುವುದು. ಆದರೆ ಜಾಣರಿಗೆ ಅಷ್ಟು ಸಾಲದು. ಇಂಗ್ರೆಸ್-ಎಂಜಿನ್‌ಎಕ್ಸ್ ಎಂಬ ಕಂಟ್ರೋಲರಿನಲ್ಲಿ ಸ್ನಿಪೆಟ್ ಎಂಬ ಆನೊಟೇಶನ್ನಿನೊಳಗೆ ಎಂಜಿನ್‌ಎಕ್ಸ್ ಸಾಲುಗಳನ್ನೇ ತುರುಕುತ್ತಾರೆ. ಈ ಸಂದಿಯಿಂದಲೇ ಇಡೀ ಕ್ಲಸ್ಟರಿನ ಸೀಕ್ರೆಟ್‌ಗಳನ್ನು ಕದಿಯಬಹುದೆಂದು 2021ರಲ್ಲಿ ಬಯಲಾಯಿತು, ಆ ಕಂಟ್ರೋಲರಿನ 2023ರ 1.9 ಆವೃತ್ತಿಯಿಂದ ಆ ಸೌಲಭ್ಯ ತಾನಾಗಿ ಬಂದ್.

ಹಾಗಾದರೆ ಏನನ್ನೂ ಮುಟ್ಟಬಾರದೇ ಎಂದು ಬೆಳ್ತಂಗಡಿಯವರು ಕೇಳಬಹುದು. ಮುಟ್ಟಲೇಬೇಕು. ಅಪ್‌ಲೋಡಿನ ಮಿತಿ ಮೊದಲಿಗೆ ಬರೇ 1 ಎಂಬಿ. ಮದುವೆಯ ಒಂದು ಫೋಟೋ ಕಳಿಸಿದರೂ 413 ಎಂದು ಗದರುತ್ತದೆ. ಅದನ್ನು ಕಾನ್ಫಿಗ್‌ಮ್ಯಾಪಿನಲ್ಲಿ ಎಲ್ಲರಿಗೂ ಒಮ್ಮೆಲೇ ಏರಿಸಿದರೆ ಆಯಿತು. ಮೂಡುಬಿದಿರೆಯವರ ತಕರಾರು ಇನ್ನೂ ಗಟ್ಟಿ: 1430ರ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಇನ್ನೊಂದು ಕಂಬವಿಲ್ಲ ಎಂಬುದೇ ಹೆಮ್ಮೆಯಲ್ಲವೇ? ಸರಿಯೇ ಮಾರಾಯ್ರೆ, ಆದರೆ ಆ ಬಸದಿಗೆ ವರ್ಷಕ್ಕೆ ಮೂರು ಹೊಸ ಆವೃತ್ತಿ ಬರುವುದಿಲ್ಲ, ಕುಬರ್ನೆಟಿಸ್‌ಗೆ ಬರುತ್ತದೆ. ಪ್ರತಿಸಲವೂ ನಮ್ಮ ಕುಸುರಿಯನ್ನೆಲ್ಲ ಮತ್ತೆ ಪರೀಕ್ಷಿಸುವವರು ಯಾರು? ಇಂಗ್ರೆಸ್-ಎಂಜಿನ್‌ಎಕ್ಸನ್ನು ನೋಡಿಕೊಂಡವರು ಬಿಡುವಿನ ವೇಳೆಯ ಒಬ್ಬಿಬ್ಬರೇ. 2026ರ ಮಾರ್ಚ್ ನಂತರ ದುರಸ್ತಿ ಇಲ್ಲವೆಂದು 2025ರ ನವೆಂಬರಿನಲ್ಲಿ ಸಾರಿದಾಗ, ಹೊರೆಯಾದವುಗಳಲ್ಲಿ ಈ ಸ್ನಿಪೆಟ್ಟನ್ನೂ ಹೆಸರಿಸಿದರು. ಇನ್ನೂ ಅದರಲ್ಲೇ ಇರುವವರು ಬದಲಿ ದಾರಿಯಾದ ಗೇಟ್‌ವೇ ಎಪಿಐ ಕಡೆ ಹೊರಡುವ ಮೊದಲು ತಮ್ಮ ಸ್ನಿಪೆಟ್‌ಗಳನ್ನೊಮ್ಮೆ ಎಣಿಸಿಕೊಳ್ಳಿ.